ಲೆಕ್ಕಕ್ಕುಂಟು, ಆಟಕ್ಕಿಲ್ಲ

ಅಧ್ಯಕ್ಷರೇ, ಬಡಾವಣೆಯ ಹಿರಿಯರೇ, ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

‘ಸಿನಿಮಾ, ಮೊಬೈಲ್, ರಾಜಕಾರಣ ಮತ್ತು ನಮ್ಮ ಬೆಂಗಳೂರು’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ಇವುಗಳಲ್ಲಿ ಒಂದರಲ್ಲಿಯೂ ನಾನು ಪಂಡಿತನಲ್ಲ. ಟಿಕೆಟ್ ಕೊಂಡು, ತೆರಿಗೆ ಕಟ್ಟಿ, ರಾತ್ರಿ ಮೊಬೈಲನ್ನು ಚಾರ್ಜಿಗೆ ಹಾಕಿ ಮಲಗುವ ಒಬ್ಬ ನಗರವಾಸಿಗೆ ಕಾಣುವಷ್ಟನ್ನು ಹೇಳುತ್ತೇನೆ. ವಿದ್ವತ್ತು ಬೇಕಾದವರಿಗೆ ಮುಂದಿನ ತಿಂಗಳ ಉಪನ್ಯಾಸವಿದೆ.

ಬಿಗ್ ಬಾಸ್‌ನಿಂದ ಆರಂಭಿಸೋಣ. ನಿಮ್ಮಲ್ಲಿ ಅನೇಕರು ಅದನ್ನು ನೋಡುತ್ತೀರಿ. ನೋಡುವುದೇ ಇಲ್ಲ ಎನ್ನುವವರಿಗೂ ಈ ವಾರ ಮನೆಯಿಂದ ಯಾರು ಹೊರಬಿದ್ದರು ಎಂಬುದು ಹೇಗೋ ಗೊತ್ತಿರುತ್ತದೆ. ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಪ್ರೇಕ್ಷಕರು ಮೊಬೈಲಿನಲ್ಲಿ ಮತ ಹಾಕುತ್ತಾರೆ. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎನ್ನುತ್ತದೆ ಸಂವಿಧಾನದ 243ಯು ವಿಧಿ. ವಾರ್ಡುಗಳ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಳು ಉರುಳಿದವು. ಆಡಳಿತಾಧಿಕಾರಿಗಳು ಬಂದರು, ಹೋದರು. ಇದೇ ಅವಧಿಯಲ್ಲಿ ಕನ್ನಡ ಬಿಗ್ ಬಾಸ್ ಮಾತ್ರ ಎಂಟನೆಯ ಆವೃತ್ತಿಯಿಂದ ಹನ್ನೆರಡನೆಯ ಆವೃತ್ತಿಗೆ ಬಂದು ನಿಂತಿತು. ಒಂದು ಆವೃತ್ತಿಯನ್ನು ಕೋವಿಡ್ ತಡೆದಾಗಲೂ ಅದನ್ನು ಮತ್ತೆ ಆರಂಭಿಸಿ ಮುಗಿಸಿದರು. ಅಂದರೆ, ಈ ಊರಿನ ಪ್ರಜೆ ಯಾರದೋ ಮನೆಯಲ್ಲಿ ಯಾರಿರಬೇಕು ಎಂದು ವಾರವಾರವೂ ಮತ ಹಾಕಿದ. ತನ್ನ ಬೀದಿಯ ಚರಂಡಿಗೆ ಯಾರು ಹೊಣೆ ಎಂದು ಹೇಳುವ ಮತವೊಂದೇ ಅವನಿಗೆ ಸಿಗಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಬಿಡದಿಯ ಬಿಗ್ ಬಾಸ್ ಸ್ಟುಡಿಯೊಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿತ್ತು. ಕೊಳಚೆ ನೀರಿನ ನಿರ್ವಹಣೆಯಲ್ಲಿ ಲೋಪ ಎಂಬುದು ಮುಖ್ಯ ಆಕ್ಷೇಪ. ಸ್ಪರ್ಧಿಗಳನ್ನು ರೆಸಾರ್ಟಿಗೆ ಸಾಗಿಸಿದರು. ಉಪಮುಖ್ಯಮಂತ್ರಿಗಳ ಸೂಚನೆ ಬಂತು, ಕೆಲವೇ ದಿನಗಳಲ್ಲಿ ಬೀಗ ತೆರೆಯಿತು. ಕೊಳಚೆ ನೀರಿನ ವಿಷಯದಲ್ಲಿ ಸರ್ಕಾರ ಅಷ್ಟು ಚುರುಕಾದದ್ದನ್ನು ಕಂಡು, ಕೆರೆಯ ಪಕ್ಕದಲ್ಲಿ ಮನೆಯಿರುವ ನಮ್ಮಂಥವರಿಗೆ ಹೊಟ್ಟೆಕಿಚ್ಚಾದದ್ದು ನಿಜ.

ನಾನು ಹೇಳಬೇಕೆಂದಿರುವುದು ಇಷ್ಟು: ಇಂದಿನ ಬೆಂಗಳೂರಿನಲ್ಲಿ ನಮ್ಮನ್ನು ಎಣಿಸುವವರಿಗೆ ಬರವಿಲ್ಲ. ವೀಕ್ಷಣೆ, ಸವಾರಿ, ವಹಿವಾಟು, ಮೊದಲ ದಿನದ ಗಳಿಕೆ, ಎಲ್ಲದರ ಲೆಕ್ಕದಲ್ಲಿಯೂ ನಾವಿದ್ದೇವೆ. ಆದರೆ ಲೆಕ್ಕದಲ್ಲಿ ಇರುವುದು ಬೇರೆ, ಆಟದಲ್ಲಿ ಇರುವುದು ಬೇರೆ. ಬೀದಿಯಾಟದಲ್ಲಿ ಅಮ್ಮನ ಒತ್ತಾಯಕ್ಕೆ ಸೇರಿಸಿಕೊಂಡ ಚಿಕ್ಕ ತಮ್ಮನಿಗೆ ದೊಡ್ಡ ಹುಡುಗರು ಕೊಡುತ್ತಿದ್ದ ಸ್ಥಾನ ಇದೆಯಲ್ಲ, ನಮ್ಮದು ಅದೇ.

2025ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಯುಪಿಐ ಬಂದದ್ದು 2016ರಲ್ಲಿ. ಬೇಕರಿ, ಕಾಂಡಿಮೆಂಟ್ಸ್, ಎಳನೀರಿನ ಗಾಡಿ, ಹೂವಿನ ಬುಟ್ಟಿ, ಎಲ್ಲೆಲ್ಲೂ ಕ್ಯೂಆರ್ ಕೋಡ್ ನೇತಾಡಿತು. ಹಣ ಬಂದರೆ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೂ ಬಂತು. ಅದರಲ್ಲಿ ಕಿಚ್ಚ ಸುದೀಪ್ ಅವರ ಕಂಠವೂ ಸೇರಿತು. ಹತ್ತು ರೂಪಾಯಿ ಚಹಾಕ್ಕೆ ಸಿನಿಮಾ ನಾಯಕನೇ ರಸೀದಿ ಓದುವ ಊರು ನಮ್ಮದು. ಸರ್ಕಾರವೇ ಬೆನ್ನು ತಟ್ಟಿದ ಈ ವ್ಯವಸ್ಥೆಯ ದಾಖಲೆಗಳನ್ನು ವಾಣಿಜ್ಯ ತೆರಿಗೆ ಇಲಾಖೆ ತರಿಸಿಕೊಂಡಿತು; 2021–22ರಿಂದ ಲೆಕ್ಕ ಹಾಕಿ ನೋಟಿಸ್ ಕಳುಹಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಕಾನೂನು ಸ್ಪಷ್ಟವಾಗಿಯೇ ಇದೆ. ಇಲಾಖೆಯದು ಸಂಪೂರ್ಣ ತಪ್ಪು ಎಂದು ನಾನು ಹೇಳುವುದಿಲ್ಲ. ಕೋಟಿಗಟ್ಟಲೆ ವಹಿವಾಟು ನಡೆಸಿ ‘ನಾನು ಬಡ ವ್ಯಾಪಾರಿ’ ಎನ್ನುವವರೂ ನಮ್ಮ ನಡುವೆ ಇದ್ದಾರೆ.

ಆದರೆ ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣ ಹೌದೇ? ಅಂಗಡಿಯವನ ಭಾವಮೈದುನ ತೀರಿಸಿದ ಸಾಲವೂ, ಚೀಟಿ ಎತ್ತಿದ ದುಡ್ಡೂ ಅದೇ ಖಾತೆಗೆ ಬಂದು ಬೀಳುತ್ತವೆ. ತೆರಿಗೆಯೇ ಇಲ್ಲದ ಹಾಲು, ತರಕಾರಿಗಳ ಹಣವೂ ಅಲ್ಲಿಗೇ ಬರುತ್ತದೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಹೋದದ್ದು ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಯಂತ್ರಕ್ಕೆ ಮೊತ್ತ ಗೊತ್ತು, ಅದರ ಹಿಂದಿನ ಸಂಬಂಧ ಗೊತ್ತಿಲ್ಲ. ಆ ವಾರ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮೇಲೆ ಕಾಗದ ಅಂಟಿಸಿ ‘ನಗದು ಮಾತ್ರ’ ಎಂದು ಬರೆದರು. ಬಂದ್ ಮಾಡುವುದಾಗಿ ವ್ಯಾಪಾರಿಗಳು ಎಚ್ಚರಿಸಿದರು. ಮುಖ್ಯಮಂತ್ರಿಗಳು ಸಭೆ ಕರೆದು ಹಳೆಯ ಬಾಕಿಗೆ ಒತ್ತಾಯವಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಕಾವು ಇಳಿಯಿತು. ನನ್ನ ಮಟ್ಟಿಗೆ ಆ ಕಾಗದದ ಬೋರ್ಡು ಇತ್ತೀಚಿನ ವರ್ಷಗಳಲ್ಲಿ ಈ ನಗರ ಬರೆದ ಅತ್ಯುತ್ತಮ ರಾಜಕೀಯ ಬರಹ. ಅದರಲ್ಲಿ ಪಕ್ಷವಿರಲಿಲ್ಲ, ನಾಯಕನ ಭಾವಚಿತ್ರವಿರಲಿಲ್ಲ. ಎಣಿಸುವುದನ್ನು ನಿಲ್ಲಿಸಿ, ಮೊದಲು ಮಾತನಾಡಿ ಎಂಬ ಬೇಡಿಕೆಯಿತ್ತು. ಆ ಬೇಡಿಕೆ ಫಲಿಸಿತು ಕೂಡ.

ಅದಕ್ಕೆ ಹಿಂದಿನ ತಿಂಗಳಿನದನ್ನು ಹೇಳಲು ನಾಲಿಗೆ ತಡವರಿಸುತ್ತದೆ. ಹದಿನೆಂಟು ವರ್ಷ ಕಾದು ‘ಈ ಸಲ ಕಪ್ ನಮ್ದೇ’ ಎಂದು ಕೂಗಿದ ಊರಿಗೆ ಜೂನ್ 3ರ ರಾತ್ರಿ ಅಹಮದಾಬಾದಿನಿಂದ ಆರ್‌ಸಿಬಿ ಐಪಿಎಲ್ ಕಪ್ ಗೆದ್ದ ಸುದ್ದಿ ಬಂತು. ಮರುದಿನ ಬೆಳಿಗ್ಗೆಯೇ ಸಾಮಾಜಿಕ ಜಾಲತಾಣದಲ್ಲಿ ವಿಜಯೋತ್ಸವದ ಆಹ್ವಾನ. ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಮಂತ್ರಿಗಳ ಕುಟುಂಬದವರಿಗೆ ಆಟಗಾರರ ಜೊತೆ ಫೋಟೊ. ಅರ್ಧ ಹರದಾರಿಯೂ ದೂರವಿಲ್ಲದ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತಕ್ಕೆ 11 ಜನರು ಸತ್ತರು, ಹೆಚ್ಚಿನವರು ಎಳೆಯರು. ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35,000 ಮಂದಿ. ಸೇರಿದವರು ಮೂರು ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರ ಹೈಕೋರ್ಟಿಗೆ ತಿಳಿಸಿತು. ಅದೇ ವರದಿಯಲ್ಲಿ, ಆಹ್ವಾನದ ಪೋಸ್ಟುಗಳನ್ನು ಸುಮಾರು 44 ಲಕ್ಷ ಬಾರಿ ನೋಡಲಾಗಿದೆ ಎಂಬ ಲೆಕ್ಕವೂ ಇದೆ.

ನನ್ನನ್ನು ಕಾಡುವುದು ಈ ಎರಡನೆಯ ಸಂಖ್ಯೆ. ಪೋಸ್ಟನ್ನು ಎಷ್ಟು ಜನ ನೋಡುತ್ತಿದ್ದಾರೆ ಎಂಬುದು ಹಾಕಿದವರಿಗೆ ನಿಮಿಷನಿಮಿಷಕ್ಕೂ ಕಾಣುತ್ತದೆ. ಅದೇ ಬೆಳಿಗ್ಗೆ ಗೇಟಿನ ಮುಂದೆ ಎಷ್ಟು ಜನ ನಿಲ್ಲಬಹುದು ಎಂದು ಲೆಕ್ಕ ಹಾಕುವ ಹೊಣೆ ಯಾರದು? ಕ್ಲಬ್ಬಿನವರು ಪೊಲೀಸರತ್ತ, ಸರ್ಕಾರ ಕ್ಲಬ್ಬಿನತ್ತ, ವಿರೋಧ ಪಕ್ಷ ಸರ್ಕಾರದತ್ತ ಬೆರಳು ತೋರಿದರು. ಪೊಲೀಸ್ ಕಮಿಷನರ್ ಅಮಾನತಾದರು, ವಿಚಾರಣಾ ಆಯೋಗ ಬಂತು, ಜನಸಂದಣಿ ನಿಯಂತ್ರಣಕ್ಕೆಂದು ಮಸೂದೆಯೂ ಬಂತು. ಅಭಿಮಾನಿಗಳನ್ನು ದೇವರು ಎಂದು ಕರೆದ ನಟ ನಮ್ಮವರು. ದೇವರುಗಳು ಬರುತ್ತಾರೆಂದು ತಿಳಿದಿದ್ದೂ ಬಾಗಿಲು ತೆಗೆಯುವ ವ್ಯವಸ್ಥೆಯಿಲ್ಲದ ಗುಡಿ ಅದಾಗಿತ್ತು.

ಸಿನಿಮಾದ ವಿಷಯಕ್ಕೆ ಹೆಚ್ಚು ಸಮಯವಿಲ್ಲ. ಮೆಜೆಸ್ಟಿಕ್ ಸುತ್ತಮುತ್ತಲಿನ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು. ಕಪಾಲಿ ಬಾಗಿಲು ಹಾಕಿದ್ದು 2017ರಲ್ಲಿ. ಹಿಂದೆ ಶತದಿನೋತ್ಸವದ ಹೆಮ್ಮೆಯಿತ್ತು, ಈಗ ಟೀಸರಿನ 24 ಗಂಟೆಗಳ ವೀಕ್ಷಣೆಯ ಹೆಮ್ಮೆ. ನಿರ್ಮಾಪಕನ ಗಳಿಕೆಯ ಕೋಟಿಗಳಿಗಾಗಿ ಅಭಿಮಾನಿಗಳು ಪರಸ್ಪರ ಕಚ್ಚಾಡುವುದು ನನಗೆ ಇಂದಿಗೂ ಅರ್ಥವಾಗದ ತ್ಯಾಗ. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಸರ್ಕಾರದ ಪರ ವಕೀಲರಿದ್ದರು, ಮಲ್ಟಿಪ್ಲೆಕ್ಸ್‌ಗಳ ಪರ ವಕೀಲರಿದ್ದರು, ನಿರ್ಮಾಪಕರ ಮಾತೂ ಕೇಳಿಬಂತು. ಟಿಕೆಟ್ ಕೊಳ್ಳುವವನ ಪರ ಯಾರಿದ್ದರು ಎಂದು ಹುಡುಕಿದೆ, ಸಿಗಲಿಲ್ಲ.

ಎಣಿಸುವ ಯಂತ್ರವೇ ಶತ್ರು ಎಂದು ನಾನು ಹೇಳುತ್ತಿಲ್ಲ. ಇದೇ ಊರಿನ ಆಟೊ ಚಾಲಕರ ಸಂಘ ಕೈಜೋಡಿಸಿದ್ದರಿಂದ ‘ನಮ್ಮ ಯಾತ್ರಿ’ ಆ್ಯಪ್ ಬಂತು; ಪ್ರತಿ ಸವಾರಿಯಲ್ಲಿ ಕಮಿಷನ್ ಕೀಳದೆಯೂ ಆ್ಯಪ್ ನಡೆಯುತ್ತದೆ ಎಂದು ಅದು ತೋರಿಸಿತು. ಊಟ, ದಿನಸಿ ಹೊತ್ತು ತರುವ ಹುಡುಗರಿಗಾಗಿ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂಬುದು ಸುದ್ದಿಯಾಯಿತು. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಅಂಶ: ಆರ್ಡರ್ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆ ತನ್ನ ಕೆಲಸವನ್ನು ಹೇಗೆ ತೀರ್ಮಾನಿಸುತ್ತದೆ ಎಂದು ಕೇಳುವ ಹಕ್ಕು ಕಾರ್ಮಿಕನಿಗಿದೆ. ಜಾರಿ ಹೇಗೋ ಏನೋ, ಕಾಗದದ ಮೇಲಾದರೂ ಆ ಹುಡುಗ ನಮಗಿಂತ ಒಂದು ಹೆಜ್ಜೆ ಮುಂದಿದ್ದಾನೆ.

ಏಕೆಂದರೆ ನಮ್ಮ ಆಸ್ತಿ ತೆರಿಗೆ ಎಲ್ಲಿಗೆ ಹೋಯಿತು ಎಂದು ಕೇಳಲು ನಮಗೊಬ್ಬ ಕಾರ್ಪೊರೇಟರ್ ಬೇಕು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಐದೂ ಪಾಲಿಕೆಗಳು ಹುಟ್ಟಿದ ದಿನ ಅವುಗಳಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಹೊಸ ಕಾಯ್ದೆಯಲ್ಲಿ ಮೇಯರ್ ಅವಧಿ, ಹಿಂದಿನ ಮೇಯರ್‌ಗಳಿಗೆ ಸಿಗುತ್ತಿದ್ದ ಒಂದು ವರ್ಷದ ಬದಲು, ಎರಡೂವರೆ ವರ್ಷ. ಇದು ನಿಜಕ್ಕೂ ಒಳ್ಳೆಯ ತಿದ್ದುಪಡಿ, ಕನಿಷ್ಠ ಹೆಸರು ನೆನಪಿಟ್ಟುಕೊಳ್ಳುವಷ್ಟು ಸಮಯ ಸಿಗುತ್ತದೆ. ವಾರ್ಡುಗಳು ಒಟ್ಟು 369. ಅವುಗಳ ಗಡಿಯ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಟ್ಟಿದ್ದರು. ಈ ಸಭೆಯಲ್ಲಿ ಎಷ್ಟು ಮಂದಿ ಸಲ್ಲಿಸಲಿಲ್ಲ ಎಂದು ಕೈ ಎತ್ತಿಸಲು ಹೋಗುವುದಿಲ್ಲ. ನಾನೂ ಎತ್ತಬೇಕಾಗುತ್ತದೆಯಲ್ಲ, ಕಷ್ಟ. ಆದರೆ ಸಂಪಿಗೆ ರಸ್ತೆಯ ಕಡೆಯಿಂದ ಬಂದಿರುವ ಸ್ನೇಹಿತರೊಬ್ಬರು ತಮ್ಮ ಬೀದಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಸೇರಿದೆ ಎಂದು ಆಗಲೇ ನಕ್ಷೆ ಹಿಡಿದು ಕುಳಿತಿದ್ದಾರೆ. ಪ್ರಶ್ನೋತ್ತರವನ್ನು ಅವರಿಂದಲೇ ಆರಂಭಿಸೋಣ.