ಲಿಬರ್ಟಿವಿಲ್‌ನ ಖಾಲಿ ಸಮಾಧಿಗಳು

ನಮಸ್ಕಾರ. ಒಂದು ನಿಮಿಷ ಕ್ಯಾಮೆರಾವನ್ನು ಈ ಚರ್ಚಿನ ಬಾಗಿಲ ಬಳಿಯೇ ನಿಲ್ಲಿಸುತ್ತೇನೆ. ಒಳಗೆ ಪ್ರಾರ್ಥನೆ ನಡೆಯುತ್ತಿದೆ, ಹಾಗಾಗಿ ಅಲ್ಲಿ ಚಿತ್ರೀಕರಣ ಮಾಡುವುದಿಲ್ಲ. ನೀವು ಕೇಳುತ್ತಿರುವುದು ಸರ್ಬಿಯನ್ನರ ಆರಾಧನೆಯ ಹಾಡು.

ಈ ಗೋಡೆಗಳ ನಡುವೆ 42 ವರ್ಷ ಒಬ್ಬ ರಾಜ ಮಲಗಿದ್ದ. ಸರ್ಬಿಯಾವನ್ನೂ ಒಳಗೊಂಡಿದ್ದ, ಈಗ ಇಲ್ಲದ ದೇಶ ಯುಗೊಸ್ಲಾವಿಯಾದ ಕೊನೆಯ ದೊರೆ, ಎರಡನೆಯ ಪೀಟರ್. 1934ರಲ್ಲಿ ಮಾರ್ಸೇಲ್ಸ್ ನಗರದಲ್ಲಿ ತಂದೆಯ ಕೊಲೆಯಾದಾಗ ಅವನಿಗೆ 11 ವರ್ಷ. 1941ರಲ್ಲಿ ಜರ್ಮನ್ ಸೈನ್ಯ ನುಗ್ಗಿ ಬಂದಾಗ 17. ಅಂದು ದೇಶ ಬಿಟ್ಟವನು ಮತ್ತೆ ಅದನ್ನು ಕಣ್ಣಾರೆ ಕಾಣಲಿಲ್ಲ. 1970ರಲ್ಲಿ ತೀರಿಕೊಂಡಾಗ ಅವನನ್ನು ಇಲ್ಲಿ, ಷಿಕಾಗೋದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಲಿಬರ್ಟಿವಿಲ್‌ನ ಸಂತ ಸಾವಾ ಮಠದಲ್ಲಿ ಮಣ್ಣು ಮಾಡಿದರು. 2013ರ ಜನವರಿಯಲ್ಲಿ ಅವನ ಅವಶೇಷಗಳನ್ನು ವಿಮಾನದಲ್ಲಿ ಸರ್ಬಿಯಾಕ್ಕೆ ಒಯ್ದರು. ಈಗ ಇಲ್ಲಿ ರಾಜನಿಲ್ಲ.

ಅವನೊಬ್ಬನೇ ಅಲ್ಲ. ಈ ಮಠದ ಮಣ್ಣಿನಿಂದ ಒಬ್ಬ ಕವಿಯೂ ಒಬ್ಬ ಸಂತನೂ ಎದ್ದು ಊರಿಗೆ ಮರಳಿದ್ದಾರೆ. ನನ್ನನ್ನು ಇಲ್ಲಿಗೆ ಕರೆತಂದದ್ದು ಆ ಸಂಗತಿಯೇ. ಮೂರು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ಷಿಕಾಗೋದಲ್ಲಿ ತೀರಿಕೊಂಡರು. ಅವರ ಅಸ್ಥಿಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ಬೆಂಗಳೂರಿನವರೆಗೆ ಹೋದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟು ಬಂದೆವು. ಅಂದಿನಿಂದ, ಪರದೇಶದಲ್ಲಿ ಬದುಕು ಕಟ್ಟಿದವರು ಕೊನೆಗೆ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಪ್ರಶ್ನೆಗೆ ಸರ್ಬಿಯನ್ನರಷ್ಟು ಬಗೆಬಗೆಯ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ.

ಈ ಮಠವನ್ನು ಕಟ್ಟಿಸಿದವರು ಮರ್ದಾರಿಯೆ ಉಸ್ಕೊಕೊವಿಚ್. ಹುಟ್ಟಿದ್ದು 1889ರಲ್ಲಿ, ಮೊಂಟೆನೆಗ್ರೊದಲ್ಲಿ. ಅಮೆರಿಕದ ಸರ್ಬಿಯನ್ ಆರ್ಥೊಡಾಕ್ಸ್ ಕ್ರೈಸ್ತರಿಗೆ ಮೊದಲ ಬಿಷಪ್. ಆ ಕಾಲದ ಸರ್ಬಿಯನ್ ವಲಸಿಗರು ಹೆಚ್ಚಿನವರು ಉಕ್ಕಿನ ಕಾರ್ಖಾನೆಗಳಲ್ಲಿ, ಗಣಿಗಳಲ್ಲಿ ದುಡಿಯುತ್ತಿದ್ದವರು. ನಾಲ್ಕು ಕಾಸು ಕೂಡಿಸಿ ಊರಿಗೆ ಮರಳಬೇಕೆಂದು ಬಂದವರೇ ಬಹಳ. ಅಂಥವರ ಕೈಯಿಂದ ಹಣ ಕೂಡಿಸಿ ಚರ್ಚು ಕಟ್ಟಿಸುವುದು ಎಷ್ಟು ಕಷ್ಟವಿರಬೇಕು! 1923ರಲ್ಲಿ ಆರಂಭವಾದ ಕೆಲಸ 1931ರಲ್ಲಿ ಮುಗಿದು ಚರ್ಚಿನ ಪ್ರತಿಷ್ಠಾಪನೆಯಾಯಿತು. ಮರ್ದಾರಿಯೆ ಅವರನ್ನು ಆಗಲೇ ಕ್ಷಯರೋಗ ತಿನ್ನುತ್ತಿತ್ತು. ನಾಲ್ಕೇ ವರ್ಷಗಳಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರು ಮಾತ್ರ ಎಲ್ಲಿಗೂ ಹೋಗಲಿಲ್ಲ, ಇಂದಿಗೂ ಇಲ್ಲೇ ಇದ್ದಾರೆ.

ಅವರ ಜೊತೆಗೇ ಸಂತ ಪದವಿ ಪಡೆದ ಇನ್ನೊಬ್ಬರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಸೆಬಾಸ್ಟಿಯನ್ ಡಾಬೊವಿಚ್. 1863ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ತಂದೆತಾಯಿ ಆಡ್ರಿಯಾಟಿಕ್ ಕಡಲಂಚಿನ ಕೊಟೋರ್ ಕೊಲ್ಲಿಯ ಕಡೆಯಿಂದ ಬಂದ ಸರ್ಬಿಯನ್ನರು. ಅಮೆರಿಕದಲ್ಲಿ ಹುಟ್ಟಿ ಆರ್ಥೊಡಾಕ್ಸ್ ಪಾದ್ರಿಯಾದ ಮೊದಲಿಗರು ಇವರು. 1894ರಲ್ಲಿ ಕ್ಯಾಲಿಫೋರ್ನಿಯಾದ ಜಾಕ್ಸನ್ ಎಂಬ ಚಿನ್ನದ ಗಣಿಯ ಊರಿನಲ್ಲಿ ಮರದ ಪುಟ್ಟ ಚರ್ಚೊಂದನ್ನು ಕಟ್ಟಿಸಿದರು. ಅಮೆರಿಕದ ಮೊಟ್ಟಮೊದಲ ಸರ್ಬಿಯನ್ ಚರ್ಚು ಅದು. ಸುತ್ತಲೂ ಗಣಿ ಕಾರ್ಮಿಕರ ಸಮಾಧಿಗಳು. 1922ರಲ್ಲಿ ಅಲ್ಲಿನ ಆರ್ಗೊನಾಟ್ ಗಣಿಯೊಳಗೆ ಬೆಂಕಿ ಬಿದ್ದು 47 ಮಂದಿ ಸತ್ತರು. ಅವರಲ್ಲಿ ಸರ್ಬಿಯನ್ನರೂ ಇದ್ದರು, ಅದೇ ಚರ್ಚಿನ ಅಂಗಳದಲ್ಲಿ ಮಲಗಿದರು.

ಡಾಬೊವಿಚ್ ಒಂದೆಡೆ ನಿಂತವರಲ್ಲ. ಇಂಗ್ಲಿಷಿನಲ್ಲಿ ಧರ್ಮದ ಪುಸ್ತಕಗಳನ್ನು ಬರೆದರು. ತಂದೆತಾಯಿಯ ಭಾಷೆ ಮರೆಯುತ್ತಿದ್ದ ಮಕ್ಕಳಿಗೆ ನಂಬಿಕೆಯಾದರೂ ಉಳಿಯಲಿ ಎಂಬ ಚಿಂತೆ ಅವರಿಗೆ 1890ರ ದಶಕದಲ್ಲೇ ಇತ್ತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಪ್ರತಿ ಭಾನುವಾರ ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸಲು ಕೂರುವ ನಮಗೆ ಆ ಚಿಂತೆ ಚೆನ್ನಾಗಿ ಗೊತ್ತು. ಮೊದಲ ಮಹಾಯುದ್ಧದಲ್ಲಿ ಡಾಬೊವಿಚ್ ಸರ್ಬಿಯನ್ ಸೈನಿಕರ ಜೊತೆಗಿದ್ದರು. ಕೊನೆಗೆ ತಾವು ಹುಟ್ಟದ ತಾಯ್ನಾಡಿಗೇ ಹೋಗಿ ನೆಲೆಸಿ, 1940ರಲ್ಲಿ ಅಲ್ಲಿನ ಝಿಚಾ ಮಠದಲ್ಲಿ ಪ್ರಾಣಬಿಟ್ಟರು.

ಆಗ ಝಿಚಾದ ಬಿಷಪ್ ಆಗಿದ್ದವರು ನಿಕೊಲಾಯ್ ವೆಲಿಮಿರೊವಿಚ್. ಈ ಮಠದಿಂದ ಊರಿಗೆ ಮರಳಿದ ಸಂತ ಎಂದೆನಲ್ಲ, ಅವರು ಇವರೇ. ಸರ್ಬಿಯಾದ ಲೇಲಿಚ್ ಎಂಬ ಹಳ್ಳಿಯವರು, ದೊಡ್ಡ ವಾಗ್ಮಿ. ಯುದ್ಧಕಾಲದಲ್ಲಿ ಜರ್ಮನ್ನರು ಅವರನ್ನು ಸೆರೆಯಲ್ಲಿಟ್ಟರು, 1944ರಲ್ಲಿ ನಾತ್ಸಿಗಳ ದಾಖಾವ್ ಸೆರೆಶಿಬಿರಕ್ಕೂ ಕಳಿಸಿದರು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟರ ಕೈಗೆ ಹೋದ ದೇಶಕ್ಕೆ ಮರಳದೆ 1946ರಲ್ಲಿ ಅಮೆರಿಕಕ್ಕೆ ಬಂದರು. ಪೆನ್ಸಿಲ್ವೇನಿಯಾದ ಗುರುಮಠದಲ್ಲಿ ಪಾಠ ಹೇಳುತ್ತಾ 1956ರಲ್ಲಿ ತೀರಿಕೊಂಡರು. ಅವರನ್ನು ಹೂಳಿದ್ದು ಇಲ್ಲಿ, ಲಿಬರ್ಟಿವಿಲ್‌ನಲ್ಲಿ. ಅವರ ಬರಹಗಳ ಕೆಲವು ಭಾಗಗಳಲ್ಲಿ ಯಹೂದಿಗಳ ಬಗ್ಗೆ ಕೆಟ್ಟ ಮಾತುಗಳಿವೆ, ಅದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನ್ನಿಂದಾಗದು. ಆದರೂ ಸರ್ಬಿಯನ್ನರ ಮನೆಮನೆಯಲ್ಲಿ ಅವರ ಚಿತ್ರವಿದೆ ಎಂಬುದೂ ನಿಜ.

ಈಗ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ. 1991ರಲ್ಲಿ ನಿಕೊಲಾಯ್ ಅವರ ಅಸ್ಥಿಗಳನ್ನು ಇಲ್ಲಿಂದ ತೆಗೆದು ಲೇಲಿಚ್‌ಗೆ ಒಯ್ದರು. 2007ರಲ್ಲಿ ಡಾಬೊವಿಚ್ ಅವರ ಅಸ್ಥಿಗಳನ್ನು ಸರ್ಬಿಯಾದಿಂದ ತೆಗೆದು ಜಾಕ್ಸನ್‌ಗೆ ತಂದರು. ಒಂದೇ ಸಾಗರ. ಒಬ್ಬರು ಆ ದಡಕ್ಕೆ, ಒಬ್ಬರು ಈ ದಡಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರಿಗೆ ಊರು ಕ್ಯಾಲಿಫೋರ್ನಿಯಾವೇ ಎಂದು ಒಂದು ಸಮುದಾಯ, 67 ವರ್ಷಗಳ ನಂತರ, ತೀರ್ಮಾನಿಸಿತು.

ಕವಿಯ ಮಾತು ಹೇಳಿದ್ದೆನಲ್ಲ, ಅವರು ಯೊವಾನ್ ದೂಚಿಚ್. ಹರ್ಜೆಗೊವಿನಾದ ತ್ರೆಬಿನ್ಯೆಯವರು, ಹಲವು ದೇಶಗಳಲ್ಲಿ ರಾಯಭಾರಿಯಾಗಿದ್ದವರು. 1941ರಲ್ಲಿ ದೇಶ ಕುಸಿದಾಗ ಅಮೆರಿಕಕ್ಕೆ ಬಂದು, ಇಂಡಿಯಾನಾದ ಉಕ್ಕಿನ ಊರು ಗ್ಯಾರಿಯಲ್ಲಿ 1943ರಲ್ಲಿ ತೀರಿಕೊಂಡರು. ತನ್ನನ್ನು ತ್ರೆಬಿನ್ಯೆಯಲ್ಲಿ ಮಣ್ಣು ಮಾಡಬೇಕೆಂಬುದು ಅವರ ಆಸೆ. ಅದು ಈಡೇರಿದ್ದು 2000ದಲ್ಲಿ. ಅಲ್ಲಿಯವರೆಗೂ ಅವರು ಕಾದದ್ದು ಇದೇ ಅಂಗಳದಲ್ಲಿ.

ಅದೇ ಗ್ಯಾರಿಯಲ್ಲಿ ಬೆಳೆದ ಇನ್ನೊಬ್ಬರನ್ನು ನೀವು ತೆರೆಯ ಮೇಲೆ ಕಂಡಿರಬಹುದು: ನಟ ಕಾರ್ಲ್ ಮಾಲ್ಡನ್. ಹುಟ್ಟುಹೆಸರು ಮ್ಲಾದೆನ್ ಸೆಕುಲೊವಿಚ್. ಹೆಸರು ಬದಲಿಸಿಕೊಂಡ ನೋವು ಅವರಿಗೆ ಕೊನೆಯವರೆಗೂ ಇತ್ತು. ಅದಕ್ಕೇ ತಾವು ನಟಿಸಿದ ಚಿತ್ರಗಳಲ್ಲಿ ಸಾಧ್ಯವಾದಾಗಲೆಲ್ಲ ಯಾವುದಾದರೂ ಸಣ್ಣ ಪಾತ್ರಕ್ಕೆ ಸೆಕುಲೊವಿಚ್ ಎಂಬ ಹೆಸರು ಇಡಿಸುತ್ತಿದ್ದರು. ತಂದೆಯ ಹೆಸರು ಅಷ್ಟಾದರೂ ಕೇಳಿಸಲಿ ಎಂದು.

ನಿಕೊಲಾ ಟೆಸ್ಲಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೆ ಅವರು ಆರ್ಥೊಡಾಕ್ಸ್ ಪಾದ್ರಿಯ ಮಗ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. 1896ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರು ತಮ್ಮ ಪತ್ರವೊಂದರಲ್ಲಿ ಇವರನ್ನು ನೆನೆದಿದ್ದಾರೆ. ಜಡವಸ್ತು ಮತ್ತು ಶಕ್ತಿ ಎರಡೂ ಮೂಲದಲ್ಲಿ ಒಂದೇ ಎಂದು ಗಣಿತದಿಂದ ತೋರಿಸಬಲ್ಲೆ ಎಂಬ ಟೆಸ್ಲಾರ ಭರವಸೆ ಸ್ವಾಮೀಜಿಗೆ ವೇದಾಂತದ ಸಮರ್ಥನೆಯಾಗಿ ಕಂಡಿತ್ತು. ಟೆಸ್ಲಾ ತೀರಿಕೊಂಡದ್ದು 1943ರ ಜನವರಿ 7, ಸರ್ಬಿಯನ್ನರಿಗೆ ಕ್ರಿಸ್‌ಮಸ್ ದಿನ. ದೇಹವನ್ನು ಸುಟ್ಟರು. ಬೂದಿ 1957ರಲ್ಲಿ ಬೆಲ್‌ಗ್ರೇಡಿಗೆ ಹೋಗಿ ಅಲ್ಲಿನ ಅವರ ಹೆಸರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಅದನ್ನು ಚರ್ಚಿಗೆ ಒಯ್ಯಬೇಕೆಂದು 2014ರಲ್ಲಿ ಎದ್ದ ಮಾತಿಗೆ ಸರ್ಬಿಯಾದಲ್ಲಿ ದೊಡ್ಡ ವಿವಾದವೇ ಆಯಿತು. ಐದು ಸೆಂಟ್ ಹಿಡಿದು 1874ರಲ್ಲಿ ನ್ಯೂಯಾರ್ಕಿಗೆ ಇಳಿದು, ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮಿಹಾಯ್ಲೊ ಪುಪಿನ್ ಮಾತ್ರ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲೇ ಉಳಿದರು.

ಇನ್ನೊಂದು ಸಂಗತಿ. ನೀವೀಗ ಕಾರಿನ ಕಿಟಕಿಯಿಂದ ನೋಡುತ್ತಿರುವ ಈ ಭವ್ಯ ಗುಮ್ಮಟಗಳು ಲಿಬರ್ಟಿವಿಲ್‌ನವಲ್ಲ. ಅಲ್ಲಿಂದ ಅರ್ಧ ಗಂಟೆಗೂ ಕಡಿಮೆ ದೂರದ ಥರ್ಡ್ ಲೇಕ್‌ನಲ್ಲಿರುವ ಹೊಸ ಗ್ರಾಚಾನಿತ್ಸಾ. ಕೊಸೊವೊದಲ್ಲಿರುವ 14ನೆಯ ಶತಮಾನದ ಚರ್ಚಿನ ಪ್ರತಿರೂಪ. ಇಷ್ಟು ಹತ್ತಿರದಲ್ಲಿ ಎರಡು ಸರ್ಬಿಯನ್ ಮಠಗಳೇಕೆ? ಜಗಳದಿಂದ. 1963ರಲ್ಲಿ ಬೆಲ್‌ಗ್ರೇಡಿನ ಮಾತೃಚರ್ಚು ಇಲ್ಲಿನ ಬಿಷಪ್ಪರನ್ನು ತೆಗೆದುಹಾಕಿತು. ಕಮ್ಯುನಿಸ್ಟ್ ಸರ್ಕಾರದ ನೆರಳಿನಲ್ಲಿರುವ ಚರ್ಚಿನ ಆಜ್ಞೆ ನಮಗೆ ಬೇಡ ಎಂದು ಒಂದು ಪಂಗಡ ಬೇರೆಯಾಯಿತು. ಒಂದೇ ಮನೆಯವರು ಎರಡು ಚರ್ಚುಗಳಿಗೆ ಹೋಗುವಂತಾಯಿತು. ಲಿಬರ್ಟಿವಿಲ್ ಮಠ ಯಾರದು ಎಂಬ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚರ್ಚಿನ ಒಳಗಿನ ತೀರ್ಮಾನಗಳಲ್ಲಿ ನ್ಯಾಯಾಲಯ ತಲೆಹಾಕುವಂತಿಲ್ಲ ಎಂದು 1976ರಲ್ಲಿ ಕೋರ್ಟು ಮಾತೃಚರ್ಚಿನ ಪರವಾಗಿ ನಿಂತಿತು. ಆ ತೀರ್ಪನ್ನು ಧಾರ್ಮಿಕ ಸ್ವಾತಂತ್ರ್ಯದ ಮೊಕದ್ದಮೆಗಳಲ್ಲಿ ಇಂದಿಗೂ ಉಲ್ಲೇಖಿಸುತ್ತಾರೆ. ಸೋತವರು ಎದೆಗುಂದದೆ ಈ ಗುಮ್ಮಟಗಳನ್ನು ಎಬ್ಬಿಸಿದರು. 1992ರಲ್ಲಿ ಇಬ್ಬರೂ ರಾಜಿಯಾದರು.

ಮತ್ತೆ ಲಿಬರ್ಟಿವಿಲ್‌ಗೆ ಬರೋಣ. ಊರಿನಿಂದ ಬಂದಿರುವ ನನ್ನ ಅಮ್ಮ ಜೊತೆಗಿದ್ದರು. ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಒಬ್ಬ ವೃದ್ಧರು ಸಿಕ್ಕಿದರು. ಅವರು ಸ್ಲಾವಾ ಬಗ್ಗೆ ಹೇಳಿದರು. ಪ್ರತಿ ಸರ್ಬಿಯನ್ ಮನೆತನಕ್ಕೂ ಒಬ್ಬ ಕಾಯುವ ಸಂತನಿರುತ್ತಾನೆ. ಅವನ ದಿನ ಮನೆಯಲ್ಲಿ ಮೇಣದಬತ್ತಿ ಹಚ್ಚಿ, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಬಂದವರಿಗೆ ಮೊದಲು ಕೊಡುತ್ತಾರೆ. ಅಲಂಕರಿಸಿದ ದುಂಡು ರೊಟ್ಟಿಯನ್ನು ಪಾದ್ರಿ ಶಿಲುಬೆಯಾಕಾರದಲ್ಲಿ ಕೊಯ್ದು ದ್ರಾಕ್ಷಾರಸ ಸುರಿಯುತ್ತಾರೆ. ಸಂತ ತಂದೆಯಿಂದ ಮಗನಿಗೆ ಬರುತ್ತಾನೆ. ನಾನು ಅನುವಾದಿಸಿ ಹೇಳುತ್ತಿದ್ದಂತೆ ಅಮ್ಮ ತಲೆಯಾಡಿಸಿ, "ಮನೆದೇವರು ಅನ್ನು" ಎಂದರು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆಚರಣೆ ಅಮ್ಮನಿಗೆ ಅರ್ಥವಾಗಲು ಒಂದೇ ಪದ ಸಾಕಾಯಿತು.

"ಇವರು ಊರಿಗೆ ಹೋಗುತ್ತಾರಂತೆಯೇ, ಕೇಳು" ಎಂದರು ಅಮ್ಮ. ಕೇಳಿದೆ. ವೃದ್ಧರು ಉತ್ತರ ಹೇಳದೆ ನಮ್ಮನ್ನು ಸ್ಮಶಾನದೊಳಕ್ಕೆ ಕರೆದುಕೊಂಡು ಹೋದರು. ಕಪ್ಪು ಕಲ್ಲೊಂದರ ಮುಂದೆ ನಿಂತರು. ಕಲ್ಲಿನ ಮೇಲೆ ಎರಡು ಹೆಸರು. ಹೆಂಡತಿಯ ಹೆಸರಿನ ಕೆಳಗೆ ಹುಟ್ಟಿದ ವರ್ಷವೂ ಇತ್ತು, ತೀರಿಕೊಂಡ ವರ್ಷವೂ ಇತ್ತು. ಅವರ ಹೆಸರಿನ ಕೆಳಗೆ ಹುಟ್ಟಿದ ವರ್ಷ ಮಾತ್ರ, ಅದರ ಮುಂದೆ ಒಂದು ಸಣ್ಣ ಗೆರೆ. ಅವರು ಬಗ್ಗಿ ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಿಂದ ಸರಿಸಿದರು. ಅಮ್ಮನೂ ಕೂತು ಎಲೆ ಆರಿಸತೊಡಗಿದರು. ನಾನು ಕ್ಯಾಮೆರಾ ಆರಿಸಿದೆ.