ತಾಂಬೂಲದ ಚೀಲ, ಲಂಗದ ಲಾಡಿ

ಕೇಳುಗರೆ, ನಮಸ್ಕಾರ.

ಮದುವೆ ಮುಗಿಸಿ ಬರುವಾಗ ತೆಂಗಿನಕಾಯಿ ಹಾಕಿ ಕೊಡುತ್ತಾರಲ್ಲ, ಆ ತಾಂಬೂಲದ ಚೀಲಗಳು ನಿಮ್ಮ ಮನೆಯಲ್ಲಿ ಎಷ್ಟಿವೆ? ನಮ್ಮ ಬೀರುವಿನಲ್ಲಿ ಒಂದು ಖಾನೆ ತುಂಬ ಅವೇ. ಊರಿಗೆ ಹೊರಡುವಾಗ ನಾನು ಮೊದಲು ತೆಗೆಯುವುದು ಅವನ್ನೇ.

ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಅವರವರ ಬಟ್ಟೆ ಸುರುಳಿ ಸುತ್ತಿ ಅವರವರ ಚೀಲಕ್ಕೆ, ಚೀಲಗಳೆಲ್ಲ ಸೂಟ್‌ಕೇಸಿಗೆ. ಕಾಶಿಗೆ ಹೋದಾಗ ಎರಡು ರಾತ್ರಿ ರೈಲಿನಲ್ಲೇ ಕಳೆದೆವು. ನಡುರಾತ್ರಿ ಅತ್ತೆಯವರಿಗೆ ಚಳಿ ಹತ್ತಿತು. ಹಳದಿ ಚೀಲ ಎಳೆದೆ, ಸ್ವೆಟರ್ ಸಿಕ್ಕಿತು. ಮಲಗಿದ್ದವರು ಯಾರೂ ಏಳಬೇಕಾಗಲಿಲ್ಲ. ಒಂದು ಚೀಲವನ್ನು ಖಾಲಿ ಒಯ್ಯಿರಿ, ಮೈಲಿಗೆ ಬಟ್ಟೆಗೆ ಬೇಕು.

ದಪ್ಪ ಟರ್ಕಿ ಟವೆಲ್ ಮನೆಯಲ್ಲೇ ಇರಲಿ. ಘಟ್ಟದಲ್ಲಿ ಮಿಂದು ಬಂದ ಮೇಲೆ ಅದು ಮರುದಿನವೂ ಹಸಿಯಾಗಿಯೇ ಇರುತ್ತದೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಪಂಚೆ ಬೇಗ ಒಣಗುತ್ತದೆ. ಮೈ ಒರೆಸಲು ಅದೇ, ಬರ್ತಿನ ಮೇಲೆ ಹಾಸಲು ಅದೇ, ಕೂಸನ್ನು ಹೊದಿಸಲೂ ಅದೇ.

ಬಟ್ಟೆ ಒಣಗಿಸಲು ಹಗ್ಗ? ಲಂಗದ ಎರಡು ಲಾಡಿ ಸಾಕು. ಎರಡನ್ನೂ ಒಟ್ಟಿಗೆ ಹುರಿ ಮಾಡಿ ಕಿಟಕಿಯಿಂದ ಕಿಟಕಿಗೆ ಬಿಗಿಯಿರಿ. ಹುರಿಯ ಸಂದಿಗೆ ಬಟ್ಟೆಯ ಅಂಚು ತೂರಿಸಿದರೆ ಕ್ಲಿಪ್ಪೇ ಬೇಡ, ಫ್ಯಾನಿನ ಗಾಳಿಗೂ ಬೀಳದು. ಛತ್ರದ ಕೋಣೆಯಲ್ಲಿ ನಮ್ಮ ಕೈ ಹಿಡಿದದ್ದು ಈ ಲಾಡಿಯೇ. ಹೆಂಗಸರ ಬಳೆಯಲ್ಲಿ ನೇತಾಡುವ ಪಿನ್ನುಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಚೀಲದ ಜಿಪ್ಪು ಕಿತ್ತುಹೋದ ದಿನ ಮನೆಮಂದಿಗೆಲ್ಲ ಅವುಗಳ ಬೆಲೆ ತಿಳಿಯಿತು.

ಎಣ್ಣೆ ಬಾಟಲಿಯ ಮುಚ್ಚಳ ತೆಗೆದು, ತೊಳೆದ ಹಾಲಿನ ಕವರಿನ ತುಂಡನ್ನು ಬಾಯಿಗೆ ಹೊದಿಸಿ, ಮತ್ತೆ ಮುಚ್ಚಳ ತಿರುಗಿಸಿ. ಸೋರುವುದಿಲ್ಲ. ಮಾತ್ರೆಗಳನ್ನು ಮಾತ್ರ ದಯವಿಟ್ಟು ಬಿಡಿಸಿ ಡಬ್ಬಿಗೆ ಸುರಿಯಬೇಡಿ. ಹೆಸರು, ಅವಧಿ ಎರಡೂ ಇರುವುದು ಪಟ್ಟಿಯ ಮೇಲೆಯೇ. ಪರಊರಿನ ವೈದ್ಯರಿಗೆ ತೋರಿಸಲು ಅದು ಬೇಕು.

ರೈಲಿನ ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕಿಲೋ ಉಚಿತ. ವಿಮಾನವಾದರೆ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಅಷ್ಟೆ. ಹೊರನಾಡಿನ ಮಕ್ಕಳಿಗೆಂದು ಒಣ ಕೊಬ್ಬರಿ ಕಟ್ಟುವ ತಾಯಂದಿರೇ, ಇದೊಂದು ನೆನಪಿಡಿ: ಎಣ್ಣೆಯಂಶದಿಂದ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅದಕ್ಕೇ ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಸಲ್ಲದು.

ಕಾಶಿಯಿಂದ ಮರಳಿದ ಮೇಲೆ ನಮ್ಮ ತಾಂಬೂಲದ ಚೀಲಗಳನ್ನು ಒಗೆದು ಒಣಗಿಸಿದೆ. ಒಂದೊಂದರಲ್ಲೂ ಕಾಶಿದಾರ, ಪುಟ್ಟ ಗಂಗೆಯ ಗಿಂಡಿ ಇಟ್ಟು, ನೆರೆಮನೆಗಳಿಗೆ ಕೊಟ್ಟು ಬಂದೆ.

ನಮಸ್ಕಾರ.