ಮಳೆ ಅಳೆದು ಬರೆದಿಟ್ಟವರು

ಎಲ್ಲರಿಗೂ ನಮಸ್ಕಾರ. ಮಂಡ್ಯದವರ ಮುಂದೆ ಮಳೆ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಕೆಆರ್‌ಎಸ್‌ನಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಅಂತ ಇಲ್ಲಿ ಶಾಲೆ ಮಕ್ಕಳೂ ಹೇಳುತ್ತಾರೆ.

ಹವಾಮಾನ ಇಲಾಖೆ ಹೇಳಿದ ದಿನ ಮಳೆ ಬರಲಿಲ್ಲ ಎಂದು ನಾವೆಲ್ಲ ಬೈಯುತ್ತೇವೆ. ಆ ಇಲಾಖೆಗೆ 2025ಕ್ಕೆ 150 ವರ್ಷ ತುಂಬಿತು. ಮುನ್ಸೂಚನೆಯ ಬಗ್ಗೆ ಜಾಸ್ತಿ ಮಾತಾಯಿತು. ಅದಕ್ಕೂ ಮೊದಲು ದಿನಾ ಮಳೆ ಅಳೆದು ಬರೆದಿಟ್ಟವರಿದ್ದಾರಲ್ಲ, ನಾನು ಬಂದಿರುವುದು ಅವರಿಗಾಗಿ.

1864ರಲ್ಲಿ ಕಲ್ಕತ್ತಕ್ಕೆ ದೊಡ್ಡ ಚಂಡಮಾರುತ ಬಡಿಯಿತು. ಹಿಂದೆಯೇ ಒರಿಸ್ಸಾದ ಕ್ಷಾಮ. ಆಮೇಲೆ, 1875ರಲ್ಲಿ, ಇಲಾಖೆ ಶುರುವಾಯಿತು. ಮುಖ್ಯಸ್ಥರು ಹೆನ್ರಿ ಬ್ಲಾನ್‌ಫರ್ಡ್. ಮರುವರ್ಷವೇ ನಮ್ಮ ಕಡೆ ಧಾತು, ಈಶ್ವರ ಸಂವತ್ಸರಗಳ ಬರಗಾಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ, 1881ರ ಗಣತಿಯಲ್ಲಿ 42 ಲಕ್ಷವೂ ಇರಲಿಲ್ಲ.

ಬ್ಲಾನ್‌ಫರ್ಡ್ ಮೊದಲು ಹಿಡಿದ ಕೆಲಸ ಯಾವುದು? ಒಂದೊಂದು ಕಡೆ ಒಂದೊಂದು ರೀತಿ ಅಳೆಯುತ್ತಿದ್ದುದನ್ನು ಒಂದು ಕ್ರಮಕ್ಕೆ ತರುವುದು. ಲೆಕ್ಕ ಕೂಡಿದ ಮೇಲೆ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟಿದೆ ಎಂದು ಅವರಿಗೆ ಕಂಡಿತು. 1886ರಲ್ಲಿ ಮುಂಗಾರಿನ ಮುನ್ಸೂಚನೆ ಅಧಿಕೃತವಾಗಿ ಹೊರಟಿತು. ಅಳತೆ ಮುಂಚೆ, ಮುನ್ಸೂಚನೆ ಆಮೇಲೆ.

ಅವರ ನಂತರ ಬಂದ ಜಾನ್ ಎಲಿಯಟ್, 1899ರಲ್ಲಿ ಒಳ್ಳೇ ಮಳೆಯಾಗುತ್ತೆ ಎಂದರು. ಆ ವರ್ಷ ಘೋರ ಬರ ಬಂತು.

1904ರಲ್ಲಿ ಗಿಲ್ಬರ್ಟ್ ವಾಕರ್ ಬಂದರು. ಕೇಂಬ್ರಿಜ್‌ನ ಗಣಿತಜ್ಞ, ಹವಾಮಾನ ಓದಿದವರಲ್ಲ. ಇವರ ಬಗ್ಗೆ ಒಂದು ಸಂಗತಿ ಹೇಳಲೇಬೇಕು. 1913ರ ಫೆಬ್ರವರಿಯಲ್ಲಿ ಅವರು ಮದರಾಸಿಗೆ ಹೋಗಿದ್ದರು. ಅಲ್ಲಿ ಬಂದರು ಕಚೇರಿಯ ಗುಮಾಸ್ತನೊಬ್ಬನ ನೋಟ್‌ಬುಕ್ಕನ್ನು ಅವರಿಗೆ ತೋರಿಸಿದರು. ನೋಡಿದವರೇ, ಈ ಹುಡುಗನಿಗೆ ನೆರವು ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್! ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಕೈಬರಹದ ಪುಸ್ತಕದ ಬೆಲೆ ವಾಕರ್‌ಗೆ ಗೊತ್ತಿತ್ತು, ಅಲ್ವಾ? ಇಲಾಖೆಯಲ್ಲೂ ಅದನ್ನೇ ಮಾಡಿದರು. ಜಗತ್ತಿನ ಮೂಲೆಮೂಲೆಯ ಹಳೇ ಅಂಕಿ ತರಿಸಿದರು. ಭಾರತೀಯ ಗುಮಾಸ್ತರು ಕೂತು ಕೂಡಿ, ಗುಣಿಸಿದರು. ಆಗ ಕಂಡದ್ದು ಇದು: ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ಏತದ ಎರಡು ತುದಿಯ ಹಾಗೆ. ಪೆಸಿಫಿಕ್ ಸಮುದ್ರದ ನೀರು ಬಿಸಿಯಾಗುವುದಕ್ಕೆ ಈಗ ಟಿವಿಯಲ್ಲಿ ಎಲ್ ನಿನೊ ಅಂತಾರಲ್ಲ, ಅದರ ಜೋಡಿ ಇದು. ಸಿಕ್ಕಿದ್ದು ಹಳೇ ಲೆಡ್ಜರ್‌ಗಳಲ್ಲಿ.

ಐದೇ ನಿಮಿಷ ಎಂದು ಚೀಟಿ ಬಂತು. ಇಲಾಖೆಯ ದೂರದರ್ಶಕ, ಬಲೂನುಗಳ ಕಥೆ ಎಲ್ಲ ಬಿಡುತ್ತೇನೆ.

ನಮ್ಮ ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ 1893ರ ಹೊತ್ತಿಗೇ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗದ ಅಳತೆಗಳು ಅಚ್ಚಾಗುತ್ತಿದ್ದವು. ಮಳೆಮಾಪಕ ನೋಡಿದ್ದೀರಾ? ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ. ಈಗಲೂ ಬೆಳಿಗ್ಗೆ 8.30ಕ್ಕೆ ನೀರನ್ನು ಗೆರೆ ಹಾಕಿದ ಗಾಜಿನ ಜಾಡಿಗೆ ಬಗ್ಗಿಸಿ ಓದಬೇಕು. ಹನಿ ಬೀಳದ ದಿನವೂ ಹೋಗಿ ಸೊನ್ನೆ ಬರೆಯಬೇಕು. ಆ ಸೊನ್ನೆ ಬರೆಯದಿದ್ದರೆ ಬರಗಾಲದ ಲೆಕ್ಕವೇ ಸಿಗುವುದಿಲ್ಲ.

ನಿಮ್ಮ ಊರಿನ ಹಳೇ ಕಚೇರಿಯಲ್ಲೋ, ಶಾನುಭೋಗರ ಮನೆ ಅಟ್ಟದಲ್ಲೋ ಮಳೆ ಲೆಕ್ಕದ ಪುಸ್ತಕ ಇರಬಹುದು. ದಯವಿಟ್ಟು ರದ್ದಿಗೆ ಹಾಕಬೇಡಿ. ಪುಟಪುಟವೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ವಿ.ಸಿ. ಫಾರಂನ ಕೃಷಿ ಕಾಲೇಜಿನವರಿಗೆ ತೋರಿಸಿ. ಯಾರ ಮನೆಯಲ್ಲಾದರೂ ಇದ್ದರೆ ಈಗಲೇ ಹೇಳಿ. ನಾನು ಇಲ್ಲೇ ಕೆಳಗೆ ಕೂತಿರುತ್ತೇನೆ.